ಆಡದೇ ಉಳಿದ ಫೈನಲ್‌ನ ರಾಕೆಟ್

ಟೆನಿಸ್ ರಾಕೆಟ್‌ಗೆ ತಂತಿ ಹಾಕುವ ಕೆಲಸದಲ್ಲಿ ಜಯನಗರದಿಂದ ಜೆ.ಪಿ. ನಗರದವರೆಗೆ ನನ್ನನ್ನು ಮೀರಿಸುವವರಿಲ್ಲ ಎಂದು ನಾನೇ ಹೇಳಿಕೊಳ್ಳುತ್ತೇನೆ. ಬೇರೆಯವರು ಹೇಳದಿದ್ದರೆ ನಾವೇ ಹೇಳಿಕೊಳ್ಳಬೇಕಲ್ಲ, ಇನ್ನೇನು ಮಾಡುವುದು. ಈ ಕೆಲಸಕ್ಕೆ ನಮ್ಮ ಕಡೆ ಗಟ್ಟಿಂಗ್ ಅನ್ನುತ್ತಾರೆ. ಜಯನಗರದ ಒಂದು ಮನೆಯ ಕಾರ್ ಶೆಡ್ಡೇ ನನ್ನ ಅಂಗಡಿ. ಒಂದು ಮೆಷಿನ್, ಒಂದು ಬೆಂಚು, ಗೋಡೆ ತುಂಬ ತಂತಿಯ ಸುರುಳಿಗಳು. ಒಂದು ಬೆಳಿಗ್ಗೆ ನಮ್ಮ ಬೀದಿಯ ಕೊನೆಯಲ್ಲಿರುವ ಕ್ಲಬ್ಬಿನ ಸೆಕ್ರೆಟರಿ, ಜೊತೆಗೊಬ್ಬ ವಯಸ್ಸಾದ ಹೆಂಗಸನ್ನು ಕರೆದುಕೊಂಡು ಬಂದರು. ಆಕೆಯ ಕೈಯಲ್ಲಿ ದಿಂಬಿನ ಕವರಿನಲ್ಲಿ ಸುತ್ತಿದ ಏನೋ ಇತ್ತು.

“ಮೇಡಂ ಯಾರು ಗೊತ್ತಾ?” ಅಂದರು ಸೆಕ್ರೆಟರಿ. “ಹಳೇ ಸ್ಟೇಟ್ ಚಾಂಪಿಯನ್. ಹೆಂಗಸರು ಟೆನಿಸ್ ಆಡೋದೇ ಅಪರೂಪ ಇದ್ದಾಗ ಮೂರು ವರ್ಷ ಸತತವಾಗಿ ಗೆದ್ದೋರು. ನಮ್ಮ ಹೊಸ ಕೋರ್ಟಿಗೆ ಇವರ ಹೆಸರೇ ಇಡ್ತಿದೀವಿ. ಇದು ಅವರ ರಾಕೆಟ್. ಓಪನಿಂಗ್ ದಿನ ಗಾಜಿನ ಬೀರುವಲ್ಲಿ ಇಡ್ಬೇಕು. ಯಾವುದಾದ್ರೂ ನೈಲಾನ್ ಹಾಕಿ, ಒಂದು ಕೋಟ್ ವಾರ್ನಿಶ್ ಹೊಡೆದುಬಿಡಿ. ಆಡೋಕಲ್ಲ, ಶೋಗೆ ಅಷ್ಟೇ.”

ಆಕೆ ಬಲಗೈಯಲ್ಲಿ ಆ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. ಬಿಚ್ಚಿ ನೋಡಿದೆ. ಮರದ ರಾಕೆಟ್. ಅಪ್ಪನ ಕಾಲದ್ದು. ನಮ್ಮಪ್ಪ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದರು, ಅಂದರೆ ಮೆಂಬರುಗಳಿಗೆ ಜೊತೆ ಸಿಗದ ದಿನ ಎದುರು ನಿಂತು ಆಡುವ ಕೆಲಸ. ಮರದ ರಾಕೆಟ್‌ಗೆ ತಂತಿ ಹಾಕುವುದನ್ನು ನಾನು ಕಲಿತದ್ದು ಅವರಿಂದ. ಆದರೆ ಅಂಥದ್ದನ್ನು ಮುಟ್ಟಿ ಎಷ್ಟೋ ವರ್ಷಗಳಾಗಿದ್ದವು. ಇದರ ತಲೆ ಒಂದು ಕಡೆಗೆ ಸೊಟ್ಟಗಾಗಿತ್ತು. ತಂತಿ ಅಲ್ಲಲ್ಲಿ ಕಿತ್ತು ಜೋತುಬಿದ್ದಿತ್ತು. ಹಿಡಿಯ ಚರ್ಮ ಮುಟ್ಟಿದರೆ ಪುಡಿಪುಡಿ.

ಸೆಕ್ರೆಟರಿಗೆ ಫೋನ್ ಬಂತು, ಮಾತಾಡುತ್ತ ಗೇಟಿನ ಆಚೆ ಹೋದರು. ಆಗ ಚಾಂಪಿಯನ್ ಅಮ್ಮ ಮೊದಲ ಸಲ ಬಾಯಿ ಬಿಟ್ಟರು.

“ಆಡೋ ಹಾಗೆ ಹಾಕ್ತೀಯೇನಮ್ಮ?”

“ಯಾರು ಆಡ್ತಾರೆ ಇದರಲ್ಲಿ?”

“ನಾನು. ಓಪನಿಂಗ್ ದಿನ ಒಂದು ಸರ್ವ್ ಹೊಡೀಬೇಕು. ಅವರಿಗೆ ಹೇಳಿಲ್ಲ. ಹೇಳಿದ್ರೆ ಡಾಕ್ಟರ್‌ನ ಕರ್ಸ್ತಾರೆ.”

ಎಂಬತ್ತು ದಾಟಿದ ಹೆಂಗಸು. ಆದರೆ ನಿಂತ ಭಂಗಿ ನೋಡಿದರೆ ಹಾಗನ್ನಿಸುತ್ತಿರಲಿಲ್ಲ. ಯಡಿಯೂರು ಕೆರೆ ಸುತ್ತ ದಿನಾ ಬೆಳಿಗ್ಗೆ ನಡೆಯುತ್ತಾರಂತೆ. ನಾನು ನಕ್ಕು ಮಾತು ಬದಲಾಯಿಸಿದೆ. ತಂತಿಯನ್ನು ಬೆಳಕಿಗೆ ಹಿಡಿದು ನೋಡುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಚೆಂಡು ಬಿದ್ದು ಬಿದ್ದು ಉದ್ದದ ತಂತಿಯೂ ಅಡ್ಡ ತಂತಿಯೂ ಒಂದಕ್ಕೊಂದು ಉಜ್ಜಿದರೆ, ಅವು ಸೇರುವಲ್ಲಿ ಸಣ್ಣ ಗೀರು ಬೀಳುತ್ತದೆ. ಎರಡು ದಿನ ಆಡಿದರೂ ಸಾಕು, ಬೆರಳಿಗೆ ತಗಲುತ್ತದೆ. ಇದರಲ್ಲಿ ಒಂದೇ ಒಂದು ಗೀರಿರಲಿಲ್ಲ. ಪ್ರಾಣಿಯ ಕರುಳು ಹೊಸೆದು ಮಾಡಿದ ತಂತಿ ಅದು, ಒಳ್ಳೆಯ ಮಾಲು. ತೇವಕ್ಕೆ ಕೊಳೆತು ಕಿತ್ತಿತ್ತೇ ಹೊರತು ಆಡಿ ಅಲ್ಲ.

“ಅಮ್ಮ, ಈ ತಂತಿ ಚೆಂಡನ್ನೇ ಕಂಡಿಲ್ಲ,” ಅಂದೆ.

ಆಕೆ ನನ್ನ ಮುಖವನ್ನೇ ನೋಡಿದರು. “ಪರವಾಗಿಲ್ಲ ಕಣೆ. ಕೆಲಸ ಬರುತ್ತೆ ನಿಂಗೆ,” ಅಂದು ಸ್ಟೂಲ್ ಎಳೆದುಕೊಂಡು ಕೂತರು.

ನಾಲ್ಕನೆಯ ವರ್ಷದ ಫೈನಲ್‌ಗೆಂದು ಹಾಕಿಸಿದ ತಂತಿ ಅದು. ಪಂದ್ಯದ ಹಿಂದಿನ ದಿನ ಗಟ್ಟಿಂಗ್ ಆಗಿ ಬಂದಿತ್ತು. ಪಂದ್ಯದ ದಿನವೇ ಅವರನ್ನು ನೋಡಲು ಗಂಡಿನ ಕಡೆಯವರು ಬಂದರು. ಮುಹೂರ್ತ ನೋಡಿ ಗೊತ್ತುಮಾಡಿದ ಹೊತ್ತು, ಬದಲಾಯಿಸಲು ಆಗುವುದಿಲ್ಲ ಎಂದರಂತೆ ಮನೆಯಲ್ಲಿ. “ಅಲ್ಲಿ ಅಂಪೈರು ನನ್ನ ಹೆಸರು ಕೂಗ್ತಿರೋ ಹೊತ್ತಿಗೆ ನಾನಿಲ್ಲಿ ಕೇಸರಿಬಾತ್ ತಟ್ಟೆ ಹಿಡ್ಕೊಂಡು ನಿಂತಿದ್ದೆ. ಮಾರನೇ ದಿನ ಪೇಪರಲ್ಲಿ ಬಂತು, ಎದುರಾಳಿ ಬಾರದ ಕಾರಣ ಅಂತ. ಸೋತೆ ಅಂತ ಬರೆದಿದ್ರೂ ಇಷ್ಟು ಬೇಜಾರಾಗ್ತಿರಲಿಲ್ಲ,” ಅಂದರು.

“ನಿಮ್ಮ ಯಜಮಾನ್ರಿಗೆ ಗೊತ್ತಿತ್ತಾ?”

“ಮದುವೆ ಆದ್ಮೇಲೆ ಹೇಳ್ದೆ. ಅಯ್ಯೋ ಮೊದ್ಲೇ ಹೇಳಿದ್ರೆ ನಾವೆಲ್ಲ ಮ್ಯಾಚಿಗೇ ಬಂದು ನೋಡ್ತಿದ್ವಲ್ಲೇ ಅಂದ್ರು, ಪುಣ್ಯಾತ್ಮ.” ಆಕೆ ನಕ್ಕರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ತುತ್ತನ್ನು ಮನೆಯವರೇ ಕಿತ್ತುಕೊಂಡಿದ್ದರು.

“ಗೆದ್ದ ಕಪ್ಪುಗಳಾದ್ರೂ ಇದಾವಾ ಮನೇಲಿ?” ಅಂದೆ.

“ಅವೆಲ್ಲ ರೋಲಿಂಗ್ ಕಪ್ಪು. ಒಂದು ವರ್ಷ ಇಟ್ಕೊಂಡು, ಬೂದಿ ಹಾಕಿ ತಿಕ್ಕಿ ತೊಳೆದು ವಾಪಸ್ ಕೊಡ್ಬೇಕು. ನಂಗೆ ಅಂತ ಉಳಿದಿರೋದು ಇದೊಂದೇ.”

ಸೆಕ್ರೆಟರಿ ಒಳಗೆ ಬಂದಾಗ ನಾನು ಕೆಲಸ ಒಪ್ಪಿಕೊಂಡೆ. ನೈಲಾನೋ ಏನೋ ಎಂಬುದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, “ನೋಡೋಣ ಸಾರ್” ಅಂದೆ.

ಮೊದಲ ಕೆಲಸ ಸೊಟ್ಟ ತೆಗೆಯುವುದು. ಮರದ ರಾಕೆಟ್‌ಗಳನ್ನು ಹಿಂದೆ ಆಡದ ಹೊತ್ತಿನಲ್ಲಿ ಪ್ರೆಸ್ ಎಂಬ ಮರದ ಚೌಕಟ್ಟಿನೊಳಗೆ ಬಿಗಿದು ಇಡುತ್ತಿದ್ದರು. ಈಗ ಅದು ಎಲ್ಲೂ ಸಿಗುವುದಿಲ್ಲ. ಯಡಿಯೂರಿನಲ್ಲಿ ನಮಗೆ ಪರಿಚಯದ ಬಡಗಿಯ ಹತ್ತಿರ ತೇಗದ ಪಟ್ಟಿಗಳಲ್ಲಿ ಒಂದು ಮಾಡಿಸಿದೆ. ಎರಡು ಚೌಕಟ್ಟು, ನಾಲ್ಕು ಮೂಲೆಗೂ ಬೋಲ್ಟು, ಕೈಯಲ್ಲೇ ತಿರುಗಿಸಲು ಕಿವಿಯಿರುವ ನಟ್ಟು. ರಾಕೆಟ್‌ನ ತಲೆಗೆ ಒದ್ದೆ ಬಟ್ಟೆ ಸುತ್ತಿ, ಕುಕ್ಕರಿನ ಆವಿ ತೋರಿಸಿ, ಬಿಸಿಯಿರುವಾಗಲೇ ಪ್ರೆಸ್ಸಿನಲ್ಲಿ ಕೂರಿಸಿದೆ. ನಟ್ಟುಗಳನ್ನು ಒಟ್ಟಿಗೆ ಬಿಗಿಯುವಂತಿಲ್ಲ. ದಿನಕ್ಕೆ ಇಷ್ಟಿಷ್ಟೇ, ಎದುರುಬದುರು ಮೂಲೆ ನೋಡಿಕೊಂಡು ತಿರುಗಿಸಬೇಕು. ಅವಸರ ಮಾಡಿದರೆ ಮರ ಸೀಳುತ್ತದೆ.

ಚಾಂಪಿಯನ್ ಅಮ್ಮ ಕೆರೆಯ ನಡಿಗೆ ಮುಗಿಸಿಕೊಂಡು ದಿನಾ ಬರತೊಡಗಿದರು. ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಂದು ದಿನ ಕೋಡುಬಳೆ, ಒಂದು ದಿನ ಫ್ಲಾಸ್ಕಿನಲ್ಲಿ ಕಾಫಿ. ಬಲಗೈಯಲ್ಲಿ ಕೊಡುವುದು, ಸ್ಟೂಲ್ ಮೇಲೆ ಕೂರುವುದು, ಪ್ರೆಸ್ಸನ್ನು ದಿಟ್ಟಿಸುವುದು. ರಾಕೆಟ್ಟನ್ನು ಮಾತ್ರ ಮುಟ್ಟುತ್ತಿರಲಿಲ್ಲ. “ಒಂದ್ಸಲ ಹಿಡಿದು ನೋಡಿ” ಅಂದರೆ, “ಹಿಡಿದ್ರೆ ಕೋರ್ಟಲ್ಲೇ ಹಿಡಿಯೋದು” ಅನ್ನುತ್ತಿದ್ದರು.

ಆ ದಿನಗಳಲ್ಲಿ ಅವರ ಆಟದ ಕಥೆ ತುಂಡುತುಂಡಾಗಿ ನನಗೆ ಸಿಕ್ಕಿತು. ಅಣ್ಣನಿಗೆ ಜೊತೆಯಿಲ್ಲವೆಂದು ಇವರನ್ನು ಎದುರಿಗೆ ನಿಲ್ಲಿಸಿದ್ದೇ ಶುರು. ಮೊದಲು ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಂಡು ಆಡಿದರು. ಮೊದಲ ಕಪ್ಪು ಬಂದದ್ದೂ ಸೀರೆಯಲ್ಲೇ. ಮರುವರ್ಷ ಮಂಡಿ ಮುಚ್ಚುವ ಬಿಳಿ ಸ್ಕರ್ಟ್ ಹೊಲಿಸಿದಾಗ ಬೀದಿಯವರೆಲ್ಲ ಮಾತಾಡಿದರು. ಬೇರೆ ಊರಿನ ಟೂರ್ನಮೆಂಟಿಗೆ ಒಬ್ಬಳನ್ನೇ ಕಳಿಸುವಂತಿಲ್ಲ ಎಂದು ರೈಲಿನಲ್ಲಿ ಜೊತೆಗೆ ಸೋದರತ್ತೆ. ಆ ಅತ್ತೆ ಕೋರ್ಟಿನ ಪಕ್ಕ ಕೂತು ಹೂಬತ್ತಿ ಹೊಸೆಯುತ್ತಿದ್ದರಂತೆ. “ಒಂದು ಸೆಟ್ಟಿಗೆ ಎಷ್ಟು ಬತ್ತಿ ಆಗುತ್ತೆ ಅಂತ ನಮ್ಮತ್ತೆಗೆ ಲೆಕ್ಕ ಇತ್ತು. ನಾನು ಬೇಗ ಗೆದ್ರೆ ಅವರಿಗೆ ಬೇಜಾರು,” ಅನ್ನುವರು. ಕರುಳಿನ ತಂತಿಯೆಂದು ರಾಕೆಟ್‌ಗೆ ಮನೆಯೊಳಗೆ ಪ್ರವೇಶವಿರಲಿಲ್ಲ, ಹಿತ್ತಲಿನ ಬಚ್ಚಲು ಮನೆಯ ಗೂಟವೇ ಅದರ ಜಾಗ. ಮದುವೆಯ ನಂತರ ಗಂಡನ ವರ್ಗಾವಣೆಯ ಹಿಂದೆ ಊರೂರು ಸುತ್ತಿದರು, ಹೋದ ಕಡೆಯೆಲ್ಲ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಆಟ ಹೇಳಿಕೊಟ್ಟರು. ರಾಕೆಟ್ ಅಟ್ಟದ ಮೇಲೆ ಉಳಿಯಿತು.

ಸೊಟ್ಟ ಹೆಚ್ಚುಕಡಿಮೆ ಹೋಯಿತು. ಹಳೆಯ ಚರ್ಮವನ್ನು ಕಿತ್ತು ಕಸದ ಬುಟ್ಟಿಗೆ ಹಾಕಿ, ಹಿಡಿಗೆ ಹೊಸ ಚರ್ಮದ ಪಟ್ಟಿ ಸುತ್ತಿದೆ. ಬುಡಕ್ಕೆ ಸಣ್ಣ ಮೊಳೆ, ಅಲ್ಲಿಂದ ಓರೆಯಾಗಿ ಒಂದರ ಮೇಲೊಂದು ಅಂಚು ಕೂರಿಸಿಕೊಂಡು ಮೇಲಕ್ಕೆ. ಕಣ್ಣು ಮುಚ್ಚಿ ಮಾಡುವ ಕೆಲಸ. ಕಣ್ಣು ಮುಚ್ಚಿಯೇ ಮಾಡಿದೆ ಎಂದು ಆಮೇಲೆ ಗೊತ್ತಾಯಿತು.

ತಂತಿಯ ವಿಷಯದಲ್ಲಿ ನಾನೊಂದು ಜಾಣತನ ಮಾಡಲು ಹೋದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಸೆಕ್ರೆಟರಿ ಹೇಳಿದ ನೈಲಾನನ್ನೇ ತೆಗೆದುಕೊಂಡೆ. ಆದರೆ ಶೋಗೆ ಬೇಕಾದುದಕ್ಕಿಂತ ಒಂಚೂರು ಬಿಗಿಯಾಗಿ ಎಳೆದರೆ ಮೆತ್ತಗೆ ಒಂದು ಸರ್ವ್ ಹೊಡೆಯಬಹುದು, ಇವರಿಗೂ ಸಮಾಧಾನ, ಅವರಿಗೂ ಸಮಾಧಾನ ಎಂದುಕೊಂಡೆ. ಉದ್ದದ ತಂತಿ ಮುಗಿದು, ಅಡ್ಡದ್ದು ಅರ್ಧ ನೇಯ್ದಿದ್ದೆ. ಆಗ ಚೌಕಟ್ಟಿನ ಬದಿಯಿಂದ ‘ಟಿಕ್’ ಎಂದು ಸಣ್ಣ ಸದ್ದು ಬಂತು.

ಮೆಷಿನ್ ನಿಲ್ಲಿಸಿ, ನಡುವಿನಿಂದ ಹೊರಕ್ಕೆ, ಒಂದು ಉದ್ದದ್ದು ಒಂದು ಅಡ್ಡದ್ದು ಎಂದು ಎಲ್ಲ ತಂತಿಯನ್ನೂ ಕತ್ತರಿಸಿ ಹಾಕಿದೆ. ಒಂದೇ ಕಡೆಯಿಂದ ಕತ್ತರಿಸಿದರೆ ಉಳಿದ ಬಿಗಿ ಮರವನ್ನು ಅತ್ತ ಎಳೆದು ಸೊಟ್ಟ ಮಾಡುತ್ತದೆ. ಟಾರ್ಚ್ ಹಿಡಿದು ನೋಡಿದರೆ, ತಂತಿ ಹೋಗುವ ಎರಡು ತೂತುಗಳ ನಡುವೆ ಕೂದಲೆಳೆಯಷ್ಟು ಬಿರುಕು. ನೈಲಾನ್ ಅಗ್ಗದ್ದು, ಬಿರುಸು, ಎಳೆದ ಎಳೆತವನ್ನೆಲ್ಲ ಮರದ ಮೇಲೇ ಹಾಕಿತ್ತು.

ಅವತ್ತೇ ಸೆಕ್ರೆಟರಿ ನೋಡಲು ಬರಬೇಕೇ. ಚಾಂಪಿಯನ್ ಅಮ್ಮನೂ ಸ್ಟೂಲಿನ ಮೇಲಿದ್ದರು. ಬಿರುಕು ನೋಡಿ ಸೆಕ್ರೆಟರಿಯ ಮುಖ ಕಪ್ಪಿಟ್ಟಿತು.

“ನಾನು ಏನು ಹೇಳ್ದೆ, ನೀವೇನು ಮಾಡ್ತಿದೀರಿ? ಶೋಗೆ ಇಷ್ಟು ಬಿಗಿ ಯಾಕೆ?”

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಆಕೆಯೇ ಹೇಳಿದರು. “ನಾನೇ ಕೇಳಿದ್ದು. ಒಂದು ಸರ್ವ್ ಹೊಡೀಬೇಕು ನಾನು, ಇದ್ರಲ್ಲೇ.”

“ಮೇಡಂ, ಹೊಸ ರಾಕೆಟ್ ಕೊಡ್ತೀವಿ, ಸಖತ್ ಲೈಟ್ ಇರುತ್ತೆ. ಅದ್ರಲ್ಲಿ ಹೊಡೀರಿ. ಇದನ್ನ ಹಾಗೇ ಇಡೋಣ. ಮುರಿದುಹೋದ್ರೆ ಇನ್ನೊಂದು ಎಲ್ಲಿಂದ ತರೋದು?”

ಅವರು ಹೇಳಿದ್ದು ತಪ್ಪೇನಲ್ಲ, ಅದು ನನಗೂ ಗೊತ್ತಿತ್ತು. ನಾನು ಆಕೆಯ ಕಡೆ ತಿರುಗಿದೆ. “ಅಮ್ಮ, ಅವರು ಹೇಳೋದು ನಿಜ. ಮುರಿದ್ರೆ?”

“ಮುರಿದ್ರೆ ಆಡಿ ಮುರೀತು ಅಂತಾಗುತ್ತೆ,” ಅಂದರು. “ಇಷ್ಟು ವರ್ಷ ಅಟ್ಟದ ಮೇಲಿತ್ತು. ಈಗ ಬೀರುವಲ್ಲಿ ಇಡ್ತೀರಾ. ಅಟ್ಟಕ್ಕೂ ಬೀರುಗೂ ಏನಪ್ಪ ವ್ಯತ್ಯಾಸ, ಗಾಜು ತಾನೇ?”

ಆ ಮಾತಿಗೆ ನನ್ನ ಮನಸ್ಸು ಗಟ್ಟಿಯಾಯಿತು. ಇಬ್ಬರನ್ನೂ ಮೆಚ್ಚಿಸಲು ಹೋಗಿ ಮರಕ್ಕೆ ಬಿರುಕು ತಂದಿದ್ದೆ. ಇನ್ನು ಒಬ್ಬರಿಗೇ ಕೆಲಸ.

“ಸಾರ್, ರಾಕೆಟ್ ನಿಮ್ಮದಲ್ಲ, ನಂದೂ ಅಲ್ಲ,” ಅಂದೆ. “ಅಮ್ಮ ಆಡೋ ಹಾಗೆ ಹಾಕು ಅಂದಿದಾರೆ. ಹಾಕ್ತೀನಿ. ಅವತ್ತು ಏನಾದ್ರೂ ಆದ್ರೆ ನನ್ನ ಹೆಸರು ಹೇಳಿ.”

ಸೆಕ್ರೆಟರಿ ಏನೋ ಗೊಣಗಿಕೊಂಡು ಹೋದರು. ನಾನು ಅಂಟು ಕಲಸಿದೆ. ಬಿರುಕಿನೊಳಗೆ ಸೂಜಿಯ ಮೊನೆಯಿಂದ ಅಂಟು ಇಳಿಸಿ, ಪ್ರೆಸ್ಸಿನಲ್ಲಿ ಬಿಗಿದು ಒಣಗಲು ಬಿಟ್ಟೆ. ಒಣಗಿದ ಮೇಲೆ ಆ ಜಾಗಕ್ಕೆ ರೇಷ್ಮೆ ದಾರ ಒತ್ತೊತ್ತಾಗಿ ಸುತ್ತಿ ಮೇಲೆ ವಾರ್ನಿಶ್ ಹಚ್ಚಿದೆ. ದಾರ ತೂತಿಗೆ ಅಡ್ಡ ಬರದ ಹಾಗೆ ಸುತ್ತುವಷ್ಟರಲ್ಲಿ ತಲೆ ಕೆಟ್ಟುಹೋಯಿತು.

ಹಾಕಿದರೆ ಕರುಳಿನ ತಂತಿಯನ್ನೇ ಹಾಕಬೇಕು. ಅದಕ್ಕೆ ಸ್ಪ್ರಿಂಗು ಹೆಚ್ಚು, ಕಡಿಮೆ ಎಳೆದರೂ ಚೆಂಡು ಚಿಮ್ಮುತ್ತದೆ, ಮರದ ಮೇಲೆ ಹೊರೆ ಬೀಳುವುದಿಲ್ಲ. ಮಡಿವಾಳದಲ್ಲಿರುವ ನನ್ನ ಹಳೆಯ ಗೆಳೆಯ, ಟೆನಿಸ್ ಕೋಚ್, ಅವನ ಹತ್ತಿರ ಒಂದು ಸೆಟ್ ಇತ್ತು. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ಒಂದು ಇಡೀ ಸಂಜೆ ಕಳೆದು ಹೋಗಿ ತಂದೆ. “ಮರದ ರಾಕೆಟ್‌ಗಾ? ಅಜ್ಜಿ ಸರ್ವ್ ಮಾಡ್ತಾರಾ? ತಲೆ ಕೆಟ್ಟಿದ್ಯಾ ನಿಂಗೆ?” ಅಂದ. ಆದರೆ ಸೆಟ್ ಕೊಟ್ಟ.

ಈ ಸಲ ಮೆಷಿನ್ ವೇಗ ಇಳಿಸಿದೆ. ಈಗಿನ ರಾಕೆಟ್‌ಗಳಿಗೆ ಐವತ್ತು ಪೌಂಡಿನ ಮೇಲೆ ಎಳೆಯುವವಳು ಇದಕ್ಕೆ ಮೂವತ್ತೈದಕ್ಕೆ ನಿಂತೆ. ನಡುವಿನಿಂದ ಶುರು ಮಾಡಿ ಎಡಕ್ಕೊಂದು ಬಲಕ್ಕೊಂದು ಉದ್ದದ ತಂತಿ. ಅದು ಮುಗಿದ ಕೂಡಲೇ, ನೀರು ಕುಡಿಯಲೂ ಏಳದೆ, ಅಡ್ಡದ್ದು. ಉದ್ದದ್ದು ಮಾತ್ರ ಹಾಕಿ ಬಿಟ್ಟರೆ ಮರದ ತಲೆ ಅಗಲವಾಗಿ ಚಪ್ಪಟೆಯಾಗುತ್ತದೆ. ಪ್ರತಿ ಎಳೆತಕ್ಕೂ ಕಿವಿ ಆ ರೇಷ್ಮೆ ದಾರದ ಮೇಲೆಯೇ. ಕೊನೆಯ ಗಂಟು ಹಾಕಿ, ಅಂಗೈಯಿಂದ ತಂತಿಗೆ ತಟ್ಟಿದೆ. ಖಣ್ ಎಂದಿತು. ಇಂಥ ಕೆಲಸ ಮಾಡಬಲ್ಲೆ ಎಂದು ನಾನು ಹೇಳಿಕೊಳ್ಳುವುದು ಸುಮ್ಮನೆ ಅಲ್ಲ ಅನ್ನಿಸಿತು.

ಓಪನಿಂಗ್ ದಿನ ಬೆಳಿಗ್ಗೆ ಕ್ಲಬ್ಬಿನಲ್ಲಿ ಶಾಮಿಯಾನ, ಕುರ್ಚಿಗಳು, ಒಂದು ಕಡೆ ಇಡ್ಲಿ ವಡೆಯ ವಾಸನೆ. ಹಾಲ್‌ನಲ್ಲಿ ಗಾಜಿನ ಬೀರು ಬಾಗಿಲು ತೆರೆದುಕೊಂಡು ಕಾಯುತ್ತಿತ್ತು. ಅದರ ಪಕ್ಕದಲ್ಲಿ ಚಾಂಪಿಯನ್ ಅಮ್ಮನ ಹಳೆಯ ಫೋಟೋ, ಬಲಗೈಯಲ್ಲಿ ಕಪ್ಪು ಹಿಡಿದದ್ದು. ಆಕೆ ಕಾಟನ್ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಿದ್ದರು. ಮುಖ್ಯ ಅತಿಥಿ ಭಾಷಣ ಶುರು ಮಾಡಿದ್ದರು. ಕೋರ್ಟಿನ ಹೊರಗೆ, ಬೇಲಿಯ ಹತ್ತಿರ ನಾನು ರಾಕೆಟ್ ಕೊಟ್ಟೆ. ಬಲಗೈಯಲ್ಲಿ ತೆಗೆದುಕೊಂಡರು. ತಂತಿಗೆ ಉಗುರಿನಿಂದ ಮೀಟಿದರು, ಮುಖ ಅರಳಿತು.

ಆಮೇಲೆ ರಾಕೆಟ್ಟನ್ನು ಎಡಗೈಗೆ ಬದಲಾಯಿಸಿ ಹಿಡಿ ಬಿಗಿದರು. ಮುಖ ಕಿವುಚಿದರು. “ಇದೇನೇ, ಅಂಚು ಚುಚ್ಚುತ್ತೆ. ಸುತ್ತು ಉಲ್ಟಾ ಆಗಿದೆ.”

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಹಿಡಿಯ ಚರ್ಮವನ್ನು ಬಲಗೈಯವರಿಗೆ ಒಂದು ದಿಕ್ಕಿನಲ್ಲಿ ಸುತ್ತಬೇಕು, ಎಡಗೈಯವರಿಗೆ ಅದಕ್ಕೆ ಉಲ್ಟಾ. ಇಲ್ಲದಿದ್ದರೆ ಅಂಗೈ ತಿರುಗಿದ ಹಾಗೆಲ್ಲ ಅಂಚುಗಳು ಏಳುತ್ತವೆ. ಹಳೆಯ ಚರ್ಮ ಯಾವ ಕಡೆಗೆ ಸುತ್ತಿತ್ತು ಎಂದು ನೋಡದೆ ಕಸಕ್ಕೆ ಎಸೆದಿದ್ದೆ.

“ಎಡಗೈಯವರಾ ನೀವು?”

“ಕೋರ್ಟಲ್ಲಿ ಮಾತ್ರ. ಮನೇಲಿ ಎಡಗೈಲಿ ಏನು ಮುಟ್ಟಿದ್ರೂ ನಮ್ಮಮ್ಮ ಸೌಟಲ್ಲಿ ಕೊಡ್ತಿದ್ರು. ಉಣ್ಣೋದು, ಬರೆಯೋದು, ಕೊಡೋದು, ತಗೊಳ್ಳೋದು, ಎಲ್ಲ ಬಲಗೈಲೇ ಅಭ್ಯಾಸ ಆಯ್ತು. ಕೋರ್ಟಿಗೆ ಅಮ್ಮ ಬರ್ತಿರಲಿಲ್ಲ.” ಆಮೇಲೆ ಮೆಲ್ಲಗೆ ಅಂದರು, “ಹೋಗ್ಲಿ ಬಿಡು. ಹೀಗೇ ಹೊಡೀತೀನಿ.”

“ಕೂತ್ಕೊಳ್ಳಿ ಅಮ್ಮ,” ಅಂದೆ. ಆ ಅಂಚಿಗೆ ಅವರ ಕೈ ಜಾರಿದರೆ ರಾಕೆಟ್ ನೆಲಕ್ಕೆ ಬೀಳುತ್ತದೆ, ಬಿದ್ದರೆ ನನ್ನ ರೇಷ್ಮೆ ದಾರ ಏನು ತಡೆಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಕಾದವರಿಗೆ ಬೇರೆಯವರ ಕೈಗೆ ಸುತ್ತಿದ ಹಿಡಿ ಕೊಡಲು ನನಗೆ ಮನಸ್ಸೊಪ್ಪಲಿಲ್ಲ. ನನ್ನ ಚೀಲದಲ್ಲಿ ಕತ್ತರಿ, ಪುಟ್ಟ ಸುತ್ತಿಗೆ, ಟೇಪು ಯಾವಾಗಲೂ ಇರುತ್ತವೆ. ಬೇಲಿಯ ಬುಡದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮೊಳೆ ಕಿತ್ತೆ, ಚರ್ಮ ಬಿಚ್ಚಿದೆ, ಬುಡದ ಓರೆಯನ್ನು ಉಲ್ಟಾ ಕತ್ತರಿಸಿ ಎದುರು ದಿಕ್ಕಿಗೆ ಸುತ್ತತೊಡಗಿದೆ. ಜೀವಮಾನದಲ್ಲಿ ಭಾಷಣ ಉದ್ದವಾಗಲಿ ಎಂದು ಬೇಡಿಕೊಂಡದ್ದು ಅವತ್ತೊಂದೇ ದಿನ. ಮುಖ್ಯ ಅತಿಥಿ ಪುಣ್ಯವಂತರು, ತಮ್ಮ ಬಾಲ್ಯಕ್ಕೆ ಹೋದರು, ಅಲ್ಲಿಂದ ಯೋಗಕ್ಕೆ ಹೋದರು. ಚಪ್ಪಾಳೆ ಕೇಳುವಷ್ಟರಲ್ಲಿ ನಾನು ಕೊನೆಯ ಟೇಪು ಒತ್ತಿದ್ದೆ.

ಆಕೆ ಎಡಗೈಯಲ್ಲಿ ಹಿಡಿದು ನೋಡಿದರು. ಕೋರ್ಟಿನೊಳಕ್ಕೆ ನಡೆದರು.

ಸೆಕ್ರೆಟರಿ ಮೈಕಿನಲ್ಲಿ, “ಈಗ ಮೇಡಂ ಸಾಂಕೇತಿಕವಾಗಿ ಒಂದೇ ಒಂದು ಸರ್ವ್” ಅಂದರು. ಆಕೆ ಗೆರೆಯ ಹತ್ತಿರ ನಿಂತು ಬಲೆಯಾಚೆ ನೋಡಿದರು. “ಎದುರಿಗೆ ಯಾರೂ ಇಲ್ವಲ್ಲ?” ಎಂದು ಸುತ್ತ ನೋಡಿ ನನ್ನ ಕಡೆ ಕೈ ಮಾಡಿದರು. “ನೀನು ನಿಲ್ಲು. ಬೇಕೂಂತ ಬಿಟ್ಟುಕೊಟ್ರೆ ನಂಗೆ ಗೊತ್ತಾಗುತ್ತೆ.”

ಯಾರದೋ ರಾಕೆಟ್ ಇಸಿದುಕೊಂಡು ಆಚೆ ನಿಂತೆ. ಬಲಗೈಯಿಂದ ಚೆಂಡು ಮೇಲೆ ಹೋಯಿತು, ಎಡಗೈ ಹಿಂದಿನಿಂದ ಬಂತು. ಚಿಕ್ಕ ಬೀಸು, ಆದರೆ ಪೂರ್ತಿಯಾದದ್ದು. ಚೆಂಡು ಬಲೆಗೆ ಬಿತ್ತು. ನಾನು ಚೆಂಡನ್ನು ನೋಡಲೇ ಇಲ್ಲ, ನನ್ನ ಕಿವಿ ಮರದ ಸದ್ದಿಗೆ ಕಾದಿತ್ತು. ‘ಟಿಕ್’ ಬರಲಿಲ್ಲ.

ಸೆಕ್ರೆಟರಿ ಚಪ್ಪಾಳೆ ಶುರು ಮಾಡಿದರು. ಆಕೆ ಕೈಯೆತ್ತಿ ನಿಲ್ಲಿಸಿದರು. “ಸೆಕೆಂಡ್ ಸರ್ವ್ ಇದೆ ಕಣ್ರಪ್ಪ.”

ಎರಡನೆಯದು ಬಲೆಗೆ ತಾಗುವಷ್ಟು ಹತ್ತಿರದಲ್ಲಿ ದಾಟಿ ನಡುಗೆರೆಯ ಬಳಿ ಬಿತ್ತು. ನನ್ನ ಬಲಗಡೆಗೆ ಬರುತ್ತದೆ ಎಂದು ಕಾಲು ಇಟ್ಟಿದ್ದೆ. ಅದು ನೆಲ ಮುಟ್ಟಿದ ಮೇಲೆ ತಿರುಗಿ ಎಡಕ್ಕೆ ಹೋಯಿತು. ಎಡಗೈ ಎಂದು ಗೊತ್ತಿದ್ದೂ ಮೋಸ ಹೋದೆ. ನನ್ನ ರಾಕೆಟ್ ಗಾಳಿ ಬೀಸಿತು, ಚೆಂಡು ಹಿಂದಿನ ಬೇಲಿಗೆ ಹೋಗಿ ಬಡಿಯಿತು.

“ಬಿಟ್ಟುಕೊಟ್ಯಾ?” ಅಂದರು ಆಚೆಯಿಂದ.

“ಇಲ್ಲಮ್ಮ. ಸಿಗ್ಲಿಲ್ಲ.”

ಅಂಪೈರ್ ಯಾರೂ ಇರಲಿಲ್ಲ. ನಾನೇ ಕೂಗಿ ಹೇಳಿದೆ, “ಫಿಫ್ಟೀನ್ ಲವ್.” ಮೊದಲ ಪಾಯಿಂಟ್ ಆಕೆಯದು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ಚಪ್ಪಾಳೆ ನಿಂತಾಗ ಸೆಕ್ರೆಟರಿ ಬೀರುವಿನ ಬೀಗದ ಕೈ ಹಿಡಿದುಕೊಂಡು ಕೋರ್ಟಿನೊಳಕ್ಕೆ ಬಂದರು. ರಾಕೆಟ್‌ಗೆ ಕೈ ಚಾಚಿದರು. ಆಕೆ ಅವರನ್ನು ದಾಟಿ ಗೆರೆಯ ಎಡಭಾಗಕ್ಕೆ, ಎರಡನೆಯ ಪಾಯಿಂಟ್ ಸರ್ವ್ ಮಾಡುವ ಜಾಗಕ್ಕೆ ಹೋಗಿ ನಿಂತರು.

“ಮೇಡಂ, ಒಂದೇ ಅಂದಿದ್ರಲ್ಲ.”

“ಒಂದು ಪಾಯಿಂಟಿಗೆ ಫೈನಲ್ ಮುಗಿಯುತ್ತೇನ್ರೀ?” ಅಂದರು.

ನಾನು ಬೇಲಿಯ ಬುಡದಿಂದ ಚೆಂಡು ಹೆಕ್ಕಿ ಆಕೆಯ ಕಡೆಗೆ ಉರುಳಿಸಿ, ನನ್ನ ಜಾಗಕ್ಕೆ ಹೋಗಿ ನಿಂತೆ.